ಹಕ್ಕಿ ಗಣತಿ: ಹವ್ಯಾಸಿಗಳ ಲೆಕ್ಕವನ್ನು ಎಷ್ಟು ನಂಬಬಹುದು?

ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ಹೊಲದ ಬದುವಿನ ಬೇವಿನ ಮರದಲ್ಲೋ ವಿದ್ಯುತ್ ತಂತಿಯ ಮೇಲೋ ಮಂಕಾಗಿ ಕೂತಿರುವಾಗ ಅದರತ್ತ ಯಾರ ಗಮನವೂ ಹೋಗುವುದಿಲ್ಲ. ಮಿಡತೆ ಕಂಡು ಕೆಳಕ್ಕೆ ಎರಗಿದಾಗ ಮಾತ್ರ ರೆಕ್ಕೆಯ ನೀಲಿ ಕಣ್ಣು ಕೋರೈಸುತ್ತದೆ. ಬಯಲುಸೀಮೆಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತವರಿಗೆ ಇಂದಿಗೂ ಒಂದೆರಡಾದರೂ ಕಾಣುತ್ತವೆ. ಹಾಗಾಗಿ ಈ ಹಕ್ಕಿ ಕಡಿಮೆಯಾಗುತ್ತಿದೆ ಎಂದರೆ ನಂಬುವುದು ಕಷ್ಟ. ಆದರೆ 2023ರ ಆಗಸ್ಟ್‌ನಲ್ಲಿ ಹೊರಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಹೇಳಿದ್ದು ಅದನ್ನೇ. ದೇಶದಲ್ಲಿ ನೀಲಕಂಠದ ಸಂಖ್ಯೆ ಸುಮಾರು ಶೇ 30ರಷ್ಟು ಕುಸಿದಿದೆ, ಜಾಗತಿಕ ಕೆಂಪುಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೊಮ್ಮೆ ಪರಿಶೀಲಿಸಬೇಕು ಎಂದು ಆ ವರದಿ ಶಿಫಾರಸು ಮಾಡಿತು.

ಈ ಮಾತಿಗೆ ಆಧಾರ ಯಾವುದೋ ಒಂದು ಇಲಾಖೆ ನಡೆಸಿದ ಸಮೀಕ್ಷೆಯಲ್ಲ. 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದಿಟ್ಟ ಸುಮಾರು 3 ಕೋಟಿ ದಾಖಲೆಗಳು ಅದಕ್ಕೆ ಆಧಾರ. 13 ಸಂಸ್ಥೆಗಳ ವಿಜ್ಞಾನಿಗಳು ಅವನ್ನು ಜರಡಿ ಹಿಡಿದು ವಿಶ್ಲೇಷಿಸಿದರು. ಲೆಕ್ಕ ಬರೆದವರಲ್ಲಿ ಬಹುಪಾಲು ಜನ ಸಂಬಳಕ್ಕಾಗಿ ಹಕ್ಕಿ ನೋಡಿದವರಲ್ಲ, ಭಾನುವಾರ ನಸುಕಿನಲ್ಲೆದ್ದು ಬೈನಾಕ್ಯುಲರ್ ಹೆಗಲಿಗೇರಿಸಿ ಹೊರಟ ಹವ್ಯಾಸಿಗಳು. ಇಂಥವರ ಲೆಕ್ಕದ ಮೇಲೆ ಒಂದು ದೇಶದ ಹಕ್ಕಿಗಳ ಭವಿಷ್ಯವನ್ನು ನಿರ್ಧರಿಸಬಹುದೆ? ಸಂದೇಹ ಸಹಜ. ನಾಲ್ಕು ದಶಕಗಳಿಂದ ಸಾಗಿಬಂದಿರುವ ಈ ಕೆಲಸವನ್ನು ಒಟ್ಟಾಗಿ ನೋಡಿದರೆ ಹವ್ಯಾಸಿಗಳ ಲೆಕ್ಕ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

ಹವ್ಯಾಸಿಗಳು ಒಟ್ಟುಗೂಡಿ ಹಕ್ಕಿ ಎಣಿಸುವ ಪದ್ಧತಿಯ ಮೊದಲ ದೊಡ್ಡ ಉದಾಹರಣೆ ಅಮೆರಿಕದ್ದು. ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು ಹೋಗಿ, ಯಾರು ಹೆಚ್ಚು ಹಕ್ಕಿ ಹೊಡೆದರು ಎಂದು ಪೈಪೋಟಿ ನಡೆಸುವ ರೂಢಿ ಅಲ್ಲಿತ್ತು. 1900ರಲ್ಲಿ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್, ಕೊಲ್ಲುವ ಬದಲು ಎಣಿಸೋಣ ಎಂದರು. ಆ ವರ್ಷ ಬಂದವರು 27 ಜನ. ಆ ಗಣತಿ ಇಂದಿಗೂ ನಿಂತಿಲ್ಲ. ಉತ್ತರ ಅಮೆರಿಕವು 1970ರಿಂದೀಚೆಗೆ ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು 2019ರಲ್ಲಿ ವಿಜ್ಞಾನಿಗಳು ಹೇಳಲು ಸಾಧ್ಯವಾದದ್ದು ಇಂಥ ಎಣಿಕೆಗಳನ್ನು ಹವ್ಯಾಸಿಗಳು ತಲೆಮಾರುಗಟ್ಟಲೆ ಬಿಡದೆ ನಡೆಸಿದ್ದರಿಂದ.

ನಮ್ಮಲ್ಲಿ ಬ್ರಿಟಿಷರ ಕಾಲದ ಪಕ್ಷಿ ಅಧ್ಯಯನ ಬಂದೂಕು ಹಿಡಿದೇ ಬೆಳೆಯಿತು. ಹಕ್ಕಿಯನ್ನು ಹೊಡೆದು, ಚರ್ಮ ಹದಮಾಡಿ, ಸಂಗ್ರಹಾಲಯದ ಪೆಟ್ಟಿಗೆಯಲ್ಲಿಟ್ಟರೆ ಅದು ದಾಖಲೆ. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದ್ದು ಕನ್ನಡ ನಾಡಿನ ಮಟ್ಟಿಗೆ ದೊಡ್ಡ ಘಟನೆ. ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ಕಂಡು ಅವರು ಒತ್ತಾಯಿಸಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆದರೆ ಆ ಸಮೀಕ್ಷೆ ಯಾವ ಹಕ್ಕಿ ಎಲ್ಲಿದೆ ಎಂದು ಹೇಳಿತೇ ಹೊರತು ಎಷ್ಟಿದೆ ಎಂದು ಹೇಳುವ ಉದ್ದೇಶ ಅದಕ್ಕಿರಲಿಲ್ಲ.

ಎಷ್ಟಿದೆ ಎಂಬ ಪ್ರಶ್ನೆ ನಮ್ಮಲ್ಲಿ ಗಟ್ಟಿಯಾಗಿ ಕೇಳಿಬಂದದ್ದು 1987ರಲ್ಲಿ, ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಶುರುವಾದಾಗ. ಪ್ರತಿ ಜನವರಿಯಲ್ಲಿ ಖಂಡದುದ್ದಕ್ಕೂ ಕೆರೆ, ಹಿನ್ನೀರು, ಅಳಿವೆಗಳ ನೀರಹಕ್ಕಿಗಳನ್ನು ಸ್ವಯಂಸೇವಕರು ಎಣಿಸುತ್ತಾರೆ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಒಂದು ಬಳಗ ಚೆನ್ನಾಗಿಯೇ ಬೇರೂರಿತ್ತು. 1970ರ ದಶಕದ ಆರಂಭದಲ್ಲಿ ಹುಟ್ಟಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ಬಿನವರು ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ಪರಿಪಾಠ ಇಟ್ಟುಕೊಂಡಿದ್ದರು. ನಗರ ಕೆರೆಗಳನ್ನು ನುಂಗುತ್ತಿದ್ದ ದಿನಗಳು ಅವು. ಕೆರೆಗಳ ಉಳಿವಿಗಾಗಿ ಸರ್ಕಾರ ನೇಮಿಸಿದ್ದ ಲಕ್ಷ್ಮಣ ರಾವ್ ಸಮಿತಿ ಕೆಲಸ ಮಾಡುತ್ತಿದ್ದದ್ದೂ ಅದೇ ಅವಧಿಯಲ್ಲಿ. ಬಳಗದವರು ಚಳಿಗಾಲದಲ್ಲಿ ಕೆರೆ ಕೆರೆ ತಿರುಗಿ ಬಾತು, ನಾಮದ ಕೋಳಿ, ಉಲ್ಲಂಕಿಗಳನ್ನು ಎಣಿಸಿದರು. ಜೋಸೆಫ್ ಜಾರ್ಜ್ ಸಂಪಾದಿಸಿದ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿ 1994ರಲ್ಲಿ ಹೊರಬಂತು. ಇಂದು ಯಾರಾದರೂ ನಗರದ ಯಾವುದೋ ಕೆರೆಯಲ್ಲಿ ಹಿಂದೆ ಯಾವ ಹಕ್ಕಿ ಇತ್ತು ಎಂದು ಕೇಳಿದರೆ ಉತ್ತರ ಹುಡುಕಬೇಕಾದದ್ದು ಈ ಹವ್ಯಾಸಿಗಳ ಬರಹದಲ್ಲಿ. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರೂ ತಮ್ಮ ಸುತ್ತಲಿನ ಕೆರೆಗಳಲ್ಲಿ ಇದೇ ಕೆಲಸವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದಾರೆ.

ಹಕ್ಕಿ ಎಣಿಸುವುದು ಎಂದರೆ ನಿಜಕ್ಕೂ ಏನು? ಹೊರಗಿನವರಿಗೆ ಇದು ಅಂದಾಜಿನ ಆಟದಂತೆ ಕಾಣಬಹುದು. ಒಂದು ಕೆರೆಯ ಗಣತಿಯನ್ನು ಹತ್ತಿರದಿಂದ ನೋಡಿದರೆ ಅದರ ಶಿಸ್ತು ಅರ್ಥವಾಗುತ್ತದೆ. ಸೂರ್ಯ ಬೆನ್ನ ಹಿಂದಿರುವಂತೆ ಏರಿಯ ಮೇಲೆ ಜಾಗ ಆರಿಸಿಕೊಳ್ಳಬೇಕು. ಎದುರು ಬಿಸಿಲಿಗೆ ನಿಂತರೆ ಎಲ್ಲ ಬಾತುಗಳೂ ಒಂದೇ ಕಪ್ಪು. ಒಬ್ಬರು ಸ್ಕೋಪಿಗೆ ಕಣ್ಣಿಟ್ಟರೆ ಇನ್ನೊಬ್ಬರು ಪಕ್ಕದಲ್ಲಿ ನಿಂತು ಬರೆಯುತ್ತಾರೆ. ಎಡದಂಚಿನಿಂದ ಬಲಕ್ಕೆ ನಿಧಾನವಾಗಿ ಸ್ಕೋಪು ತಿರುಗುತ್ತದೆ. ಹಿಂದಕ್ಕೆ ತಿರುಗಿಸುವ ಹಾಗಿಲ್ಲ, ಎಣಿಸಿದ್ದನ್ನೇ ಎಣಿಸಿದಂತಾಗುತ್ತದೆ. ನಾಮದ ಕೋಳಿಗಳು ನೂರಾರಿದ್ದರೆ ಮೊದಲು ಹತ್ತನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ತುಂಬಿತು ಎಂದು ಕಣ್ಣಿಗೆ ಅಭ್ಯಾಸ ಮಾಡಿಸಿ, ಅದೇ ಅಳತೆಯಲ್ಲಿ ಇಡೀ ಗುಂಪನ್ನು ಅಳೆಯುತ್ತಾರೆ. ಸೂಜಿಬಾಲದ ಬಾತುಗಳ ಗುಂಪನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಆಮೇಲೆ ತಾಳೆ ನೋಡುತ್ತಾರೆ. ಇಬ್ಬರ ಸಂಖ್ಯೆ ತೀರಾ ದೂರವಿದ್ದರೆ ಮತ್ತೆ ಮೊದಲಿಂದ. ಗುಳುಮುಳುಕ ಕ್ಷಣಕ್ಕೊಮ್ಮೆ ಮುಳುಗುವುದರಿಂದ ಎರಡು ಮೂರು ಸಲ ನೋಡದೆ ವಿಧಿಯಿಲ್ಲ. ಅಷ್ಟರಲ್ಲಿ ಜೌಗು ಸೆಳೆವವೊಂದು ಆಪಿನ ಮೇಲೆ ತೇಲಿ ಬಂದರೆ ಇಡೀ ಕೆರೆ ಎದ್ದು ಹಾರುತ್ತದೆ. ಎಲ್ಲ ಮತ್ತೆ ನೀರಿಗಿಳಿಯುವ ತನಕ ಕಾಯಬೇಕು.

ದೊಡ್ಡ ಕೆರೆಯಾದರೆ ಎರಡು ತಂಡ ಎರಡು ಕಡೆಯಿಂದ ಒಂದೇ ಹೊತ್ತಿಗೆ ಶುರುಮಾಡುತ್ತವೆ. ಗುಂಪೊಂದು ಒಂದು ಮೂಲೆಯಿಂದ ಇನ್ನೊಂದಕ್ಕೆ ಹಾರಿದರೆ ಹೊತ್ತು, ದಿಕ್ಕು ಎರಡನ್ನೂ ಫೋನಿನಲ್ಲಿ ತಿಳಿಸುತ್ತಾರೆ. ಗುರುತು ಸಿಗದ ಸಣ್ಣ ಉಲ್ಲಂಕಿಯನ್ನು ‘ಗುರುತಾಗದ ಉಲ್ಲಂಕಿ’ ಎಂದೇ ಬರೆಯುವುದು ಒಳ್ಳೆಯ ಬಳಗದ ಲಕ್ಷಣ. ಊಹಿಸಿ ಹೆಸರು ತುಂಬುವುದಕ್ಕಿಂತ ಅದು ನೂರು ಪಾಲು ಮೇಲು. ನಮೂನೆಯಲ್ಲಿ ಹಕ್ಕಿಯ ಸಂಖ್ಯೆಯ ಜೊತೆಗೆ ಕೆರೆಯ ಸ್ಥಿತಿಯನ್ನೂ ಕೇಳುತ್ತಾರೆ: ನೀರೆಷ್ಟಿದೆ, ಕಳೆ ಹಬ್ಬಿದೆಯೆ, ಚರಂಡಿ ನೀರು ಸೇರುತ್ತಿದೆಯೆ, ಕಸ ಸುರಿಯುತ್ತಾರೆಯೆ. ಹಕ್ಕಿಯ ಲೆಕ್ಕದಷ್ಟೇ ಈ ಟಿಪ್ಪಣಿಗೂ ಬೆಲೆಯಿದೆ ಎಂಬುದು ನನ್ನ ಅಭಿಪ್ರಾಯ.

ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ ಕಡೆ ಮರಿಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ರಾತ್ರಿ ಹೊಲಗಳಲ್ಲಿ ಮೇದು ಹಗಲು ಕೆರೆಯಲ್ಲಿ ವಿಶ್ರಮಿಸುವುದು ಇವುಗಳ ಕ್ರಮ. ಮಂಗೋಲಿಯದ ವಿಜ್ಞಾನಿಗಳು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ. ಆ ಪಟ್ಟಿಯ ಹಕ್ಕಿಗಳು ನಮ್ಮ ಕೆರೆಗಳಲ್ಲೂ ಕಂಡಿವೆ. ಸ್ಕೋಪಿನಲ್ಲಿ ಆ ಅಕ್ಷರವನ್ನು ಓದಿ ಬರೆದುಕೊಂಡ ಹವ್ಯಾಸಿಯಿಂದಾಗಿ, ಸಾವಿರಾರು ಕಿಲೋಮೀಟರ್ ದೂರದ ಒಂದು ಸರೋವರಕ್ಕೂ ನಮ್ಮ ಹಳ್ಳಿಯ ಕೆರೆಗೂ ನಂಟಿದೆ ಎಂಬುದಕ್ಕೆ ಪುರಾವೆ ಸಿಗುತ್ತದೆ.

ಇದು ನೀರಹಕ್ಕಿಯ ಮಾತಾಯಿತು. ಮರ, ಪೊದೆ, ಹೊಲಗಳ ಹಕ್ಕಿಯನ್ನು ಹೀಗೆ ಎಣಿಸಲು ಬರುವುದಿಲ್ಲ. ಎಲೆಯ ಮರೆಯಲ್ಲಿ ಎಷ್ಟು ಪಿಕಳಾರ ಇವೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಇಲ್ಲಿ ನೆರವಿಗೆ ಬರುವುದು ‘ಪೂರ್ಣ ಪಟ್ಟಿ’ ಎಂಬ ಸರಳ ಉಪಾಯ. ಕನಿಷ್ಠ 15 ನಿಮಿಷ ಒಂದು ಜಾಗದಲ್ಲಿದ್ದು, ಕಂಡ, ಕೇಳಿದ, ಗುರುತು ಹಿಡಿದ ಎಲ್ಲ ಹಕ್ಕಿಗಳನ್ನೂ ಬರೆಯಬೇಕು. ಕಾಗೆ, ಪಾರಿವಾಳ ಎಂದು ಕೈಬಿಡುವಂತಿಲ್ಲ. ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಎಂಬುದನ್ನೂ ನಮೂದಿಸಬೇಕು. ಪಟ್ಟಿ ಪೂರ್ಣವಾಗಿದ್ದರೆ ಅದರಲ್ಲಿ ಇಲ್ಲದ ಹೆಸರೂ ಮಾಹಿತಿಯೇ. ಉದಾಹರಣೆಗೆ ಒಂದು ತಾಲ್ಲೂಕಿನ 100 ಪಟ್ಟಿಗಳ ಪೈಕಿ ಮೊದಲು 60ರಲ್ಲಿ ನೀಲಕಂಠ ಇದ್ದು, ಹಲವು ವರ್ಷಗಳ ಬಳಿಕ ಅಷ್ಟೇ ಪಟ್ಟಿಗಳಲ್ಲಿ 35ಕ್ಕೆ ಇಳಿದರೆ ಏನೋ ಆಗಿದೆ ಎಂದೇ ಅರ್ಥ. ಹಕ್ಕಿಗಳ ಒಟ್ಟು ಸಂಖ್ಯೆ ತಿಳಿಯದಿದ್ದರೂ ಇಳಿಮುಖ ತಿಳಿಯುತ್ತದೆ. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ಆರಂಭಿಸಿದ ಇ-ಬರ್ಡ್ ಈ ಪಟ್ಟಿಗಳನ್ನು ಒಂದೆಡೆ ಕೂಡಿಡುತ್ತದೆ. ಆ ಊರಿಗೆ, ಆ ಋತುವಿಗೆ ಹೊಂದದ ಹೆಸರು ಬಂದರೆ ಆ ಪ್ರದೇಶದ ಅನುಭವಿ ವೀಕ್ಷಕರೇ ಸ್ವಯಂಸೇವಕರಾಗಿ ಪರಿಶೀಲಿಸಿ, ಫೋಟೊ ಅಥವಾ ವಿವರಣೆ ಕೇಳುತ್ತಾರೆ. ಸಮಾಧಾನವಾಗದಿದ್ದರೆ ಆ ದಾಖಲೆಯನ್ನು ವಿಶ್ಲೇಷಣೆಯಿಂದ ಹೊರಗಿಡುತ್ತಾರೆ.

ಭಾರತದಲ್ಲಿ ಇದಕ್ಕೆ ನೆಲ ಹದಮಾಡಿದ್ದು ಬೆಂಗಳೂರಿನಲ್ಲೇ. 2007ರಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಶುರುವಾದ ‘ಮೈಗ್ರಂಟ್‌ವಾಚ್’, ವಲಸೆ ಹಕ್ಕಿಯನ್ನು ಈ ಋತುವಿನಲ್ಲಿ ಮೊದಲು ಯಾವ ದಿನ ಕಂಡಿರಿ ಎಂದು ಜನರನ್ನು ಕೇಳಿತು. ಕವಿಗಳು ಮಳೆಗೆ ತಳುಕು ಹಾಕಿದ ಚಾತಕ ಮುಂಗಾರಿನೊಂದಿಗೆ ಉತ್ತರಕ್ಕೆ ಹೇಗೆ ಸರಿಯುತ್ತದೆ ಎಂಬ ಚಿತ್ರ ಇಂಥ ದಿನಾಂಕಗಳಿಂದಲೇ ಮೂಡಿತು. 2013ರಿಂದ ಫೆಬ್ರುವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಮ್ಮಲ್ಲೂ ನಡೆಯುತ್ತಿದೆ. ಕಾಲೇಜು ಆವರಣಗಳ ಕ್ಯಾಂಪಸ್ ಗಣತಿ ಅದರೊಟ್ಟಿಗೇ ನಡೆಯುತ್ತದೆ. ಕೇರಳದವರು ಓಣಂಗೆ, ತಮಿಳರು ಪೊಂಗಲ್‌ಗೆ, ಅಸ್ಸಾಮಿನವರು ಬಿಹುವಿಗೆ ಎಣಿಸುತ್ತಾರೆ.

ಇಷ್ಟೆಲ್ಲದರಿಂದ ತಿಳಿದದ್ದು ಏನು? ಮೊದಲಿಗೆ, ನಮ್ಮ ಊಹೆಗಳು ಎಷ್ಟೋ ಕಡೆ ತಪ್ಪು ಎಂಬುದು. ಗುಬ್ಬಚ್ಚಿ ದೇಶದಿಂದಲೇ ಮಾಯವಾಗುತ್ತಿದೆ, ಅದಕ್ಕೆ ಮೊಬೈಲ್ ಗೋಪುರವೇ ಕಾರಣ ಎಂಬ ಮಾತನ್ನು ಭಾಷಣಗಳಲ್ಲಿ ಕೇಳುತ್ತಲೇ ಇದ್ದೇವೆ. 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಬೇರೆಯೇ ಚಿತ್ರ ಕೊಟ್ಟಿತು: ಬೆಂಗಳೂರಿನಂಥ ಮಹಾನಗರಗಳಲ್ಲಿ ಗುಬ್ಬಚ್ಚಿ ಇಳಿದಿರುವುದು ನಿಜ, ಆದರೆ ಒಟ್ಟು ದೇಶದಲ್ಲಿ 25 ವರ್ಷಗಳಿಂದ ಅದು ಹೆಚ್ಚುಕಡಿಮೆ ಸ್ಥಿರವಾಗಿದೆ. 2023ರ ವರದಿಯ ಪ್ರಕಾರ ಕೋಗಿಲೆ ಶೇ 75ರಷ್ಟು, ನವಿಲು ಶೇ 150ಕ್ಕೂ ಹೆಚ್ಚು ಏರಿವೆ. ಶೇಂಗಾ ಬೆಳೆಗೆ ನವಿಲು ನುಗ್ಗುತ್ತದೆ ಎನ್ನುವ ರೈತರ ಅಳಲಿಗೂ ಈ ಅಂಕಿಗೂ ತಾಳೆಯಿದೆ. ಇನ್ನೊಂದೆಡೆ, ಯಾರೂ ಕಣ್ಣೀರು ಹಾಕದ ಬಯಲಿನ ಹಕ್ಕಿಗಳು, ಜೌಗಿನ ಹಕ್ಕಿಗಳು, ದೂರದಿಂದ ಬರುವ ಉಲ್ಲಂಕಿಗಳು ಸದ್ದಿಲ್ಲದೆ ಇಳಿಯುತ್ತಿವೆ. ದೀರ್ಘಾವಧಿಯ ಏರಿಳಿತ ಗೊತ್ತಾದ 338 ಪ್ರಭೇದಗಳಲ್ಲಿ ಇಳಿದವು 204, ಸ್ಥಿರವಾಗಿದ್ದವು 98, ಏರಿದವು ಬರೀ 36.

ಈ 338ರ ಮುಂದೆ ಇನ್ನೊಂದು ಸಂಖ್ಯೆ ಇಟ್ಟು ನೋಡಬೇಕು. ವರದಿ ಪರಿಶೀಲಿಸಿದ ಪ್ರಭೇದಗಳು 942. ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು ಹಕ್ಕಿಗಳ ದೀರ್ಘಕಾಲದ ಗತಿ ಏನೆಂದು ಹೇಳಲು ದಾಖಲೆ ಸಾಲಲಿಲ್ಲ. ಹವ್ಯಾಸಿಗಳ ಲೆಕ್ಕದ ನಿಜವಾದ ದೌರ್ಬಲ್ಯ ಇಲ್ಲಿದೆ, ಗುರುತು ಹಿಡಿಯುವಲ್ಲಿನ ತಪ್ಪಿನಲ್ಲಿ ಅಲ್ಲ. ತಪ್ಪು ಗುರುತನ್ನು ಪರಿಶೀಲಕರು ಹಿಡಿಯುತ್ತಾರೆ, ಲಕ್ಷಾಂತರ ಪಟ್ಟಿಗಳ ನಡುವೆ ಒಂದೆರಡು ತಪ್ಪು ಮುಳುಗಿಹೋಗುತ್ತವೆ. ಯಾರೂ ಹೋಗದ ಜಾಗವನ್ನು ಯಾವ ಸಂಖ್ಯಾಶಾಸ್ತ್ರವೂ ತುಂಬಿಕೊಡುವುದಿಲ್ಲ.

ನಾವು ಹೋಗುವುದು ಎಲ್ಲಿಗೆ? ರಜೆಯ ದಿನ, ರಸ್ತೆ ಇರುವೆಡೆಗೆ, ಹೆಸರಾದ ತಾಣಗಳಿಗೆ. ಪಶ್ಚಿಮ ಘಟ್ಟದ ಅಪರೂಪದ ಹಕ್ಕಿ ಕಂಡ ಸುದ್ದಿ ಹರಿದ ಕೂಡಲೇ ಕಾರುಗಳ ಸಾಲು. ಬೆಂಗಳೂರು, ಮೈಸೂರು ಸುತ್ತಮುತ್ತ ದಾಖಲೆಗಳು ದಟ್ಟವಾಗಿವೆ, ಉತ್ತರದ ಒಣ ಜಿಲ್ಲೆಗಳತ್ತ ಹೋದಂತೆ ತೆಳುವಾಗುತ್ತವೆ. ನೀಲಕಂಠ, ನೆಲಗುಬ್ಬಿಗಳಂಥ ಇಳಿಮುಖದ ಬಯಲುಹಕ್ಕಿಗಳು ಬದುಕಿರುವುದು ಆ ತೆಳು ಜಾಗದಲ್ಲೇ. ಹೊಸ ಹಕ್ಕಿಯೊಂದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುವ ಸಂಭ್ರಮವನ್ನು ನಾನು ತಪ್ಪೆನ್ನುವುದಿಲ್ಲ. ಅನೇಕರನ್ನು ಈ ದಾರಿಗೆ ಎಳೆಯುವುದೇ ಅದು. ಆದರೆ ವಿಜ್ಞಾನಕ್ಕೆ ಬೇಕಾದದ್ದು ಒಂದೇ ಸಾಧಾರಣ ಜಾಗಕ್ಕೆ, ಒಬ್ಬರೇ ವೀಕ್ಷಕರು, ವರ್ಷವರ್ಷವೂ ಹೋಗಿ ಬರೆದ ಸಾಧಾರಣ ಪಟ್ಟಿ.

ಇದಕ್ಕೆ ರಣಹದ್ದಿನ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಭರತಪುರದಲ್ಲಿ ವಿಜ್ಞಾನಿ ವಿಭು ಪ್ರಕಾಶ್ 1980ರ ದಶಕದಲ್ಲೇ ರಣಹದ್ದಿನ ಗೂಡುಗಳನ್ನು ಎಣಿಸಿಟ್ಟಿದ್ದರು. ಆಗ ಅವು ಎಲ್ಲೆಲ್ಲೂ ಇದ್ದ ಹಕ್ಕಿ. 1990ರ ದಶಕದಲ್ಲಿ ಮತ್ತೆ ಎಣಿಸಿದಾಗ ಕುಸಿತ ಬಯಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ ಕಾರಣವೆಂದು 2004ರಲ್ಲಿ ಪ್ರಕಟವಾಯಿತು, 2006ರಲ್ಲಿ ಅದರ ಪಶುಬಳಕೆಗೆ ನಿಷೇಧ ಬಂತು. ಅಷ್ಟರೊಳಗೆ ಬಹುತೇಕ ಮುಗಿದುಹೋಗಿತ್ತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾದಾಗ ಉಳಿದಿದ್ದವು ಬೆರಳೆಣಿಕೆಯಷ್ಟು. ಹೇರಳವಾಗಿದ್ದಾಗಲೇ ಪ್ರತಿ ಜಿಲ್ಲೆಯಲ್ಲೂ ಯಾರಾದರೂ ಎಣಿಸಿ ಬರೆದಿಟ್ಟಿದ್ದರೆ ಎಚ್ಚರಿಕೆ ಇನ್ನೂ ಮೊದಲೇ ಸಿಗುತ್ತಿತ್ತು.

ತಾಣಗಳ ಅಸಮತೋಲವನ್ನು ಸರಿಪಡಿಸುವ ದಾರಿ ಅಟ್ಲಾಸ್. ಭೂಪಟವನ್ನು ಚೌಕಗಳಾಗಿ ವಿಂಗಡಿಸಿ, ಹಕ್ಕಿ ಇರಲಿ ಬಿಡಲಿ, ಆರಿಸಿದ ಚೌಕಕ್ಕೆ ಹೋಗಿಯೇ ಎಣಿಸುವುದು. ಮೈಸೂರು ನಗರದಲ್ಲಿ 2014ರಿಂದ 2016ರವರೆಗೆ ಹವ್ಯಾಸಿಗಳು ಇದನ್ನು ಮಾಡಿ ತೋರಿಸಿದರು. ಕೇರಳದವರು 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರನ್ನು ಕೂಡಿಸಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಇಡೀ ರಾಜ್ಯ ಸುತ್ತಿದರು. ಕರ್ನಾಟಕ ವಿಸ್ತೀರ್ಣದಲ್ಲಿ ಕೇರಳದ ಸುಮಾರು 5 ಪಟ್ಟು. ಇಲ್ಲಿ ಅದೇ ಕ್ರಮದಲ್ಲಿ ಎಣಿಸಬೇಕಾದರೆ ಜಿಲ್ಲೆಗೊಂದು ಗಟ್ಟಿ ಬಳಗ ಬೇಕು. ಆ ಬಳಗ ಕನ್ನಡದಲ್ಲಿ ಮಾತಾಡಬೇಕು. ಟಿಟ್ಟಿಭ ಎಲ್ಲಿ ಮೊಟ್ಟೆಯಿಡುತ್ತದೆ ಎಂದು ಬಲ್ಲ ಕುರಿಗಾಹಿಗೆ, ಕೆರೆಯ ಮೀನುಗಾರನಿಗೆ, ಹಳ್ಳಿಶಾಲೆಯ ಮೇಷ್ಟ್ರಿಗೆ ಬಾಗಿಲು ತೆರೆಯದೆ ಇಂಗ್ಲಿಷ್ ಹೆಸರುಗಳನ್ನಷ್ಟೇ ನೆಚ್ಚಿಕೊಂಡ ಗುಂಪು ನಗರದ ಹೊರಗೆ ಬೆಳೆಯದು. ಹೊಸಬರು ತಪ್ಪು ಹೆಸರು ಹೇಳಿದಾಗ ನಗುವ ಬಳಗಗಳೂ ಇವೆ. ಅಂಥಲ್ಲಿಗೆ ಯಾರೂ ಎರಡನೇ ಸಲ ಬರುವುದಿಲ್ಲ.

ಊರವರೇ ಕಾವಲಿಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಊರೊಳಗಿನ ಹುಣಸೆ, ಅರಳಿ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿನ ಯುವಕರ ‘ಹೆಜ್ಜಾರ್ಲೆ ಬಳಗ’ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ ಸಾಕಿ ಬಿಡುತ್ತದೆ. 2007ರಲ್ಲಿ ಆ ಊರು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. 2017–18ರ ಚಳಿಗಾಲದಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದಾಗ ವಿಷಯ ಕೂಡಲೇ ಹೊರಬಂತು, ಪರೀಕ್ಷೆಯಲ್ಲಿ ಜಂತುಹುಳು ಪತ್ತೆಯಾಯಿತು. ನೋಡುವ ಕಣ್ಣುಗಳು ಅಲ್ಲಿ ದಿನವೂ ಇದ್ದವು.

ಲೆಕ್ಕ ಆಡಳಿತಕ್ಕೆ ತಲುಪುತ್ತದೆಯೆ ಎಂಬುದು ಕೊನೆಯ ಪ್ರಶ್ನೆ, ಉತ್ತರ ಮಿಶ್ರ. ಹೆಸರಘಟ್ಟದ ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬಗೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಹಕ್ಕಿಗಳನ್ನು ವರ್ಷಗಟ್ಟಲೆ ದಾಖಲಿಸಿದವರು ಪಕ್ಷಿವೀಕ್ಷಕರು. 2021ರಲ್ಲಿ ತಳ್ಳಿಹಾಕಲಾಗಿದ್ದ ಸಂರಕ್ಷಣಾ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರಿದವು. ಇವು ಗೆಲುವುಗಳು. ಆದರೆ ಕೆರೆ ‘ಅಭಿವೃದ್ಧಿ’ಯ ವಿಷಯದಲ್ಲಿ ಸೋಲೇ ಹೆಚ್ಚು. ಹೂಳೆತ್ತಿ, ಅಂಚನ್ನೆಲ್ಲ ಕಡಿದಾಗಿ ಕೊರೆದು, ಸುತ್ತ ಕಲ್ಲು ಕಟ್ಟಿ ನಡಿಗೆ ಹಾದಿ ಮಾಡಿದರೆ ನೀರು ನಿಲ್ಲುತ್ತದೆ, ಮುಳುಗುವ ನೀರುಕಾಗೆ, ಗುಳುಮುಳುಕಗಳು ಬರುತ್ತವೆ. ಕೆಸರಂಚಿನಲ್ಲಿ ಕಾಲೂರಿ ಮೇಯುವ ಉಲ್ಲಂಕಿಗೆ, ತಲೆ ಅದ್ದಿ ತಿನ್ನುವ ಬಾತಿಗೆ ಅಲ್ಲಿ ಜಾಗವಿಲ್ಲ. ಕಾಮಗಾರಿಗೆ ಮೊದಲಿನ, ನಂತರದ ಹಕ್ಕಿ ಪಟ್ಟಿಗಳನ್ನು ಎದುರುಬದುರು ಇಟ್ಟರೆ ಇದು ಯಾರಿಗಾದರೂ ಕಾಣುತ್ತದೆ. ಕೆರೆ ಕಾಮಗಾರಿಯ ಯೋಜನಾ ವರದಿಗೆ ಕನಿಷ್ಠ ಒಂದು ಪೂರ್ತಿ ವರ್ಷದ ಹಕ್ಕಿ ದಾಖಲೆಯನ್ನು ಲಗತ್ತಿಸುವುದು ಕಡ್ಡಾಯವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ದಾಖಲೆಯನ್ನು ಬಿಟ್ಟಿಯಾಗಿ ಕೊಡಲು ಬಳಗಗಳು ಸಿದ್ಧವಿವೆ, ಕೇಳುವವರು ಬೇಕು.

ಒಂದು ಎಚ್ಚರಿಕೆಯನ್ನೂ ಹೇಳದೆ ಬಿಡಲಾಗದು. ಗೂಡಿನ ಮುಂದೆ ಗಂಟೆಗಟ್ಟಲೆ ಕ್ಯಾಮೆರಾ ಹಿಡಿದು ನಿಲ್ಲುವುದು, ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಹೊರಗೆಳೆಯುವುದು ಗಣತಿಯಲ್ಲ, ಉಪದ್ರವ. ಎರ್ಲಡ್ಡುವಿನಂಥ ಅಳಿವಿನಂಚಿನ ಹಕ್ಕಿ ಕಂಡ ಜಾಗವನ್ನು ಇ-ಬರ್ಡ್ ಬಹಿರಂಗವಾಗಿ ತೋರಿಸುವುದಿಲ್ಲ. ವೀಕ್ಷಕರೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆ ಸಂಯಮ ಪಾಲಿಸಬೇಕು.

ಹಾಗಾದರೆ ಹವ್ಯಾಸಿಗಳ ಲೆಕ್ಕ ನಂಬಲರ್ಹವೆ? ಪಟ್ಟಿ ಪೂರ್ಣವಾಗಿದ್ದು, ಅದೇ ಜಾಗದಿಂದ ಮತ್ತೆ ಮತ್ತೆ ಬಂದಿದ್ದರೆ ಖಂಡಿತ ಹೌದು. ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಹೆಸರಾಂತ ಪಕ್ಷಿಧಾಮ ಬೇಡ, ನಿಮ್ಮೂರಿನ ಕೆರೆ, ಗೋಮಾಳ, ಕಾಲೇಜಿನ ಆವರಣ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ತಿಂಗಳಿಗೊಮ್ಮೆ ಅಲ್ಲಿ 15 ನಿಮಿಷ ನಿಂತು, ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಬರೆಯಿರಿ. ಹತ್ತು ಹಕ್ಕಿ ಗೊತ್ತಿದ್ದರೂ ಶುರುಮಾಡಲು ಸಾಕು, ಉಳಿದವನ್ನು ಬಳಗದವರು ಕಲಿಸುತ್ತಾರೆ. ನೀರಹಕ್ಕಿ ಗಣತಿ ಜನವರಿಯ ಮಧ್ಯಭಾಗದಲ್ಲಿ, ಹಿತ್ತಲ ಹಕ್ಕಿ ಗಣತಿ ಫೆಬ್ರುವರಿಯ ಮಧ್ಯದ ನಾಲ್ಕು ದಿನ ನಡೆಯುತ್ತದೆ. ನಿಮ್ಮ ತಾಲ್ಲೂಕಿನ ಕೆರೆ ಇದುವರೆಗೂ ಆ ಲೆಕ್ಕದಲ್ಲಿ ಇಲ್ಲದಿದ್ದರೆ ಈ ಸಲ ಸೇರಿಸಿ.